ಅಳೆದದ್ದೆಲ್ಲ ಅರಿತಂತಲ್ಲ



ನಮ್ಮ ದೇಹದ ಇಂಗಾಲವು ನಕ್ಷತ್ರಗಳ ಒಡಲಿನಲ್ಲಿ ಮೂರು ಹೀಲಿಯಂ ಬೀಜಗಳು ಬೆಸೆದು ಹುಟ್ಟಿದ್ದು. ಅದಕ್ಕಾಗಿ ಇಂಗಾಲ-12ರ ಪರಮಾಣುಬೀಜದಲ್ಲಿ ವಿಶಿಷ್ಟವಾದ ಉದ್ರಿಕ್ತ ಸ್ಥಿತಿಯೊಂದು ಇರಲೇಬೇಕೆಂದು ಫ್ರೆಡ್ ಹಾಯ್ಲ್ ತರ್ಕಿಸಿದರು. 1953ರಲ್ಲಿ ಕ್ಯಾಲ್ಟೆಕ್‌ನ ಪ್ರಯೋಗವು ಅದನ್ನು ದೃಢಪಡಿಸಿತು. ಆದರೆ ಪ್ರೋಟಾನ್-ನ್ಯೂಟ್ರಾನ್‌ಗಳ ಪರಸ್ಪರ ಬಲದಿಂದಲೇ ಆರಂಭಿಸಿ ಆ ಸ್ಥಿತಿಯನ್ನು ಲೆಕ್ಕದಿಂದ ಪಡೆದದ್ದು 2011ರಲ್ಲಿ, ಜರ್ಮನಿಯ ಯೂಲಿಷ್‌ನ ಸೂಪರ್ ಕಂಪ್ಯೂಟರಿನ ನೆರವಿನಿಂದ.

ಗೊತ್ತಿದ್ದ ಉತ್ತರಕ್ಕೆ ಇಷ್ಟೊಂದು ಶ್ರಮವೇಕೆ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ಪುಸ್ತಕದ ಕೊನೆಯಲ್ಲಿ ಉತ್ತರವಿದ್ದರೂ, ಹಂತಗಳಿಲ್ಲದ ಲೆಕ್ಕಕ್ಕೆ ನಿಮಗೆ ಪೂರ್ಣ ಅಂಕ ಸಿಗುತ್ತಿರಲಿಲ್ಲವಷ್ಟೆ? ಅಲ್ಲದೆ, ಪ್ರಯೋಗಶಾಲೆಯಲ್ಲಿ ನೇರವಾಗಿ ಅಳೆಯಲಾಗದ ಎಷ್ಟೋ ನಕ್ಷತ್ರಕ್ರಿಯೆಗಳಿಗೆ ಉತ್ತರದ ಪುಟವೇ ಇಲ್ಲ. ಅಲ್ಲಿ ನೆಚ್ಚಬೇಕಾದದ್ದು, ಗೊತ್ತಿದ್ದ ಉತ್ತರಗಳಿಗೆ ಒರೆಹಚ್ಚಿ ನೋಡಿದ ಈ ಹಂತಗಳನ್ನೇ.