ಐದಾರು ಜನ ಸೇರಿ ಹಲಗೆ ಕಲಿಯೋಣ



ಹೋಳಿ ಹಬ್ಬ ಬಂತೆಂದರೆ ಹುಬ್ಬಳ್ಳಿಯ ಓಣಿ ಓಣಿಗಳಲ್ಲಿ ಹಲಗೆಯ ಸದ್ದು ಕೇಳುತ್ತದೆ. ಹುಬ್ಬಳ್ಳಿ ತಾಲ್ಲೂಕಿನ ಬ್ಯಾಹಟ್ಟಿ ಗ್ರಾಮವು ಜಗ್ಗಲಿಗೆ ಮೇಳಕ್ಕೆ ಹೆಸರಾಗಿದೆ. ಎತ್ತಿನ ಗಾಡಿಯ ಗಾಲಿಗೆ ಎಮ್ಮೆಯ ಚರ್ಮ ಬಿಗಿದು ಮಾಡಿದ ದೊಡ್ಡ ವಾದ್ಯವೇ ಜಗ್ಗಲಿಗೆ. ಮೇಳದಲ್ಲಿ ಸುಮಾರು 15 ಜನರಿರುತ್ತಾರೆ. ಮೇಳವನ್ನು ನಡೆಸುವವರ ಕೈಯಲ್ಲಿ ಮಾತ್ರ ಕಣಿಹಲಗಿ ಎಂಬ ಪುಟ್ಟ ವಾದ್ಯವಿರುತ್ತದೆ. ಮಣ್ಣಿನಿಂದ ಮಾಡಿ ಕರುವಿನ ಚರ್ಮ ಹೊದಿಸಿದ ಈ ಪುಟಾಣಿಯ ಮಾತನ್ನು ದೊಡ್ಡ ಜಗ್ಗಲಿಗೆಗಳೆಲ್ಲ ಕೇಳುತ್ತವೆ!

ಇಂಥ ವಾದ್ಯಗಳನ್ನು ಶಾಲೆಯಲ್ಲಿ ಕಲಿಯಬೇಕೇ? ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಒಬ್ಬೊಬ್ಬರೇ ಅಲ್ಲ, 50 ಮಕ್ಕಳ ಇಡೀ ತರಗತಿಯಾಗಿಯೂ ಅಲ್ಲ. ಐದಾರು ಜನರ ಚಿಕ್ಕ ಗುಂಪಿನಲ್ಲಿ ಕಲಿಯಬೇಕು. ಏಕೆ ಗೊತ್ತೇ?

ಒಬ್ಬರೇ ಬಾರಿಸುವಾಗ ಲಯ ಓಡಿದರೂ ನಮಗೆ ತಿಳಿಯುವುದಿಲ್ಲ. 50 ಜನ ಒಟ್ಟಿಗೆ ಬಾರಿಸಿದರೆ ಯಾರ ಪೆಟ್ಟು ತಪ್ಪಿತೆಂದು ಗುರುಗಳಿಗೂ ತಿಳಿಯುವುದಿಲ್ಲ. ಇನ್ನೊಂದು ಕಾರಣವೂ ಇದೆ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಆದ್ದರಿಂದ 34 ಮೀಟರ್ ಉದ್ದದ ಸಾಲಿನಲ್ಲಿ ಮೊದಲನೆಯವರ ಪೆಟ್ಟು ಕೊನೆಯವರನ್ನು ತಲುಪಲು 1/10 ಸೆಕೆಂಡು ಬೇಕು. ಸೆಕೆಂಡಿಗೆ ಐದು ಪೆಟ್ಟು ಬೀಳುತ್ತಿದ್ದರೆ ಕೊನೆಯವರು ಅರ್ಧ ಪೆಟ್ಟು ಹಿಂದೆ ಬಿದ್ದಂತೆಯೇ! ಮೂರು ಮೀಟರ್ ಅಗಲದ ಸಣ್ಣ ವೃತ್ತದಲ್ಲಿ ಕುಳಿತರೆ ಈ ತೊಂದರೆ ಇರುವುದಿಲ್ಲ. ಎಲ್ಲರಿಗೂ ಎಲ್ಲರ ಪೆಟ್ಟು ಕೇಳುತ್ತದೆ, ಎಲ್ಲರ ಕೈಯೂ ಕಾಣುತ್ತದೆ.

ಗುಂಪಿನಲ್ಲಿ ಗಣಿತವೂ ಬರುತ್ತದೆ. ಮಾಡಿ ನೋಡಿ: ಎಲ್ಲರೂ ಒಟ್ಟಿಗೆ ಎಣಿಸಿರಿ. ಮೂವರು ಪ್ರತಿ ಮೂರನೆಯ ಎಣಿಕೆಗೆ, ಉಳಿದ ಮೂವರು ಪ್ರತಿ ನಾಲ್ಕನೆಯ ಎಣಿಕೆಗೆ ಪೆಟ್ಟು ಹಾಕಲಿ. ಎರಡೂ ತಂಡಗಳ ಪೆಟ್ಟು ಮೊದಲು ಎಲ್ಲಿ ಕೂಡುತ್ತದೆ? 12ರಲ್ಲಿ. ಅದೇ 3 ಮತ್ತು 4ರ ಲಘುತಮ ಸಾಮಾನ್ಯ ಅಪವರ್ತ್ಯ. ಪುಸ್ತಕದಲ್ಲಿ ಓದಿದ್ದನ್ನು ಕಿವಿಯಿಂದ ಕೇಳಿದಂತಾಯಿತಲ್ಲವೇ?

ಇನ್ನು ವಿಜ್ಞಾನಕ್ಕೆ ಬರೋಣ. ಬಾರಿಸುವ ಮೊದಲು ಹಲಗೆಯನ್ನು ಬೆಂಕಿಗೆ ಕಾಯಿಸುವುದನ್ನು ನೀವು ನೋಡಿರುತ್ತೀರಿ. ಚರ್ಮ ಗಾಳಿಯಲ್ಲಿನ ತೇವವನ್ನು ಹೀರಿ ಸಡಿಲವಾಗುತ್ತದೆ. ಕಾಯಿಸಿದಾಗ ತೇವ ಹೋಗಿ ಚರ್ಮ ಬಿಗಿಯಾಗುತ್ತದೆ, ಕಂಪನದ ವೇಗ ಹೆಚ್ಚುತ್ತದೆ, ನಾದ ಏರುತ್ತದೆ. ತಬಲಾದ ನಡುವೆ ಕರಿ ಏಕಿದೆ ಎಂಬ ಪ್ರಶ್ನೆಯನ್ನು ಸರ್ ಸಿ.ವಿ. ರಾಮನ್ ಅವರೂ ಕೇಳಿಕೊಂಡಿದ್ದರು. ಆ ಕರಿಯ ಭಾರದಿಂದಾಗಿಯೇ ತಬಲಾ ಮತ್ತು ಮೃದಂಗಗಳಿಂದ ತಂತಿವಾದ್ಯದಂಥ ಇಂಪಾದ ಸ್ವರ ಹೊರಡುತ್ತದೆ ಎಂದು ಅವರು 1920ರಲ್ಲಿ ಮತ್ತು 1934ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ವಿವರಿಸಿದರು. ನೊಬೆಲ್ ಪುರಸ್ಕೃತ ವಿಜ್ಞಾನಿಗೆ ಹಗುರವೆನಿಸದ ವಾದ್ಯ ನಮಗೆ ಹಗುರವೆನಿಸಬೇಕೇ?

ಆದರೆ ಹಲಗೆಯನ್ನು ಹಗುರವಾಗಿ ಕಂಡವರು ಬಹಳ ಜನ. ಚರ್ಮವನ್ನು ಹದ ಮಾಡಿ ವಾದ್ಯ ಕಟ್ಟಿದವರನ್ನು, ಅದನ್ನು ಬಾರಿಸಿದವರನ್ನು ನಮ್ಮ ಸಮಾಜ ಜಾತಿಯ ಹೆಸರಿನಲ್ಲಿ ದೂರ ನಿಲ್ಲಿಸಿತು. ಊರ ಹಬ್ಬಕ್ಕೆ ಅವರ ವಾದ್ಯ ಬೇಕು, ಪಂಕ್ತಿಯಲ್ಲಿ ಅವರು ಬೇಡ! ಇದು ಅನ್ಯಾಯ. ಐದಾರು ಮಕ್ಕಳು ಒಂದೇ ವೃತ್ತದಲ್ಲಿ ಕುಳಿತು, ಒಂದೇ ಹಲಗೆಯನ್ನು ಕೈಯಿಂದ ಕೈಗೆ ದಾಟಿಸಿದರೆ ಆ ದೂರ ಎಲ್ಲಿ ಉಳಿದೀತು? ವೃತ್ತದಲ್ಲಿ ಹುಡುಗಿಯರೂ ಇರಲಿ. ಲಯಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ.

“ಪಾಠದ ವೇಳೆ ಗದ್ದಲವಾಗುತ್ತದೆ” ಎಂಬ ಹಿರಿಯರ ಮಾತೂ ಸರಿಯೇ. ಅತಿಯಾದ ಸದ್ದು ಕಿವಿಗೆ ಹಾನಿ ಮಾಡುತ್ತದೆ. ಆದುದರಿಂದ ಶಾಲೆ ಬಿಟ್ಟ ಮೇಲೆ, ಬಯಲಿನಲ್ಲಿ, ಸ್ವಲ್ಪ ಹೊತ್ತು ಮಾತ್ರ ಅಭ್ಯಾಸ ಮಾಡಿ. ಮೊದಲ ಪಾಠಗಳಿಗೆ ತೊಡೆಯ ಮೇಲಿನ ತಟ್ಟು, ಕೈಚಪ್ಪಾಳೆ ಸಾಕು. ಒಬ್ಬರು ಬಾರಿಸುವಾಗ ಉಳಿದವರು ಎಣಿಸಲಿ. ಸರದಿಗಾಗಿ ಕಾಯುವುದೂ ಒಂದು ಕಲಿಕೆಯೇ.

ನಿಮ್ಮ ಊರಿನಲ್ಲಿ ಹಲಗೆ ಬಾರಿಸಬಲ್ಲ ಹಿರಿಯರು ಯಾರಿದ್ದಾರೆ? ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅವರನ್ನು ಶಾಲೆಗೆ ಕರೆಯಿರಿ. ಅವರಿಗೆ ಕುರ್ಚಿ ಕೊಡಿ, “ಗುರುಗಳೇ” ಎಂದು ಕರೆಯಿರಿ. ಆಮೇಲೆ ಅವರ ಸುತ್ತ ಕುಳಿತು ಮೊದಲ ಪೆಟ್ಟು ಹಾಕಿರಿ.