ಕಟ್ಟಿದವರಿಗೆ ಕೂಡ್ರಲು ಜಾಗವೆಲ್ಲಿ?

ಅಂಗಡಿಕಾರನು ವರ್ಷಕ್ಕೊಮ್ಮೆ ದೀಪಾವಳಿಯಲ್ಲಿ ಹಳೆಯ ಕಿರ್ದಿ ಮುಚ್ಚಿ ಹೊಸ ವಹಿ ತೆರೆಯುತ್ತಾನೆ. ಬಂದದ್ದೆಷ್ಟು, ಹೋದದ್ದೆಷ್ಟು, ಉದ್ರಿ ಉಳಿದದ್ದೆಷ್ಟು ಎಂದು ನೋಡುತ್ತಾನೆ. ನಗರಗಳು ಹತ್ತು ವರ್ಷಕ್ಕೊಮ್ಮೆಯಾದರೂ ಹೀಗೆ ಲೆಕ್ಕ ತೆಗೆಯಬೇಕು. ದೊಡ್ಡ ಪೇಟೆಯ ಪತ್ರಿಕೆಗಳು ಈ ಲೆಕ್ಕವನ್ನು ತಮ್ಮದೇ ರೀತಿಯಲ್ಲಿ ತೆಗೆಯುತ್ತವೆ. ದಶಕದ ಅತ್ಯುತ್ತಮ ಕಟ್ಟಡಗಳೆಂದು ಗಾಜು-ಉಕ್ಕಿನ ಚಿತ್ರಗಳನ್ನು ಹಾಕಿ, ಕೆಳಗೆ ನಕಾಶೆ ತೆಗೆದವರ ಹೆಸರನ್ನು ಅಚ್ಚು ಮಾಡುತ್ತವೆ. ಇಟ್ಟಂಗಿ ಹೊತ್ತವರ ಹೆಸರು ಅಲ್ಲಿರುವುದಿಲ್ಲ. ಆ ಬಾಗಿಲಲ್ಲಿ ಯಾರಿಗೆ ಪ್ರವೇಶ, ಯಾರಿಗೆ ತಡೆ ಎಂಬ ಮಾತೂ ಇರುವುದಿಲ್ಲ.

ಆದುದರಿಂದ ನಾವೂ ಒಂದು ಪಟ್ಟಿ ಮಾಡೋಣ. 2015ರ ಜೂನಿನಲ್ಲಿ ಕೇಂದ್ರ ಸರಕಾರವು ಸ್ಮಾರ್ಟ್ ಸಿಟಿ ಯೋಜನೆಯನ್ನು ಸಾರಿತು. 2016ರ ಸೆಪ್ಟೆಂಬರದಲ್ಲಿ ಹುಬ್ಬಳ್ಳಿ-ಧಾರವಾಡ ಆ ಪಟ್ಟಿಗೆ ಸೇರಿತು. 2025ರ ಮಾರ್ಚ್ 31ಕ್ಕೆ ಯೋಜನೆ ಮುಗಿಯಿತು. ಹೆಚ್ಚುಕಡಿಮೆ ಒಂದು ದಶಕ. ಈ ಅವಧಿಯಲ್ಲಿ ನಮ್ಮ ಅವಳಿ ನಗರದಲ್ಲಿ ಎದ್ದು ನಿಂತದ್ದು ಸಣ್ಣದಲ್ಲ. ಅದನ್ನು ಹಳಿಯುವುದಕ್ಕಾಗಿ ನಾವು ಕುಳಿತಿಲ್ಲ. ಆದರೆ ಅಳತೆಯ ಕೋಲು ಮಾತ್ರ ನಮ್ಮದಿರಲಿ.

ಆ ಕೋಲು ಯಾವುದು? ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಿಂದ ಹೊತ್ತು ಮೂಡುವ ಮೊದಲೇ ಬುತ್ತಿ ಕಟ್ಟಿಕೊಂಡು ಹುಬ್ಬಳ್ಳಿಯ ಬಸ್ಸು ಹಿಡಿಯುವ ಒಬ್ಬ ಗೌಂಡಿಯನ್ನೂ, ಅದೇ ಬಸ್ಸಿನಲ್ಲಿ ಕಾಯಿಪಲ್ಯೆಯ ಬುಟ್ಟಿ ಇಟ್ಟುಕೊಂಡು ಬರುವ ಒಬ್ಬ ತಾಯಿಯನ್ನೂ ಮನಸ್ಸಿನಲ್ಲಿ ತಂದುಕೊಳ್ಳಿರಿ. ಹೊಸ ಕಟ್ಟಡದ ಮುಂದೆ ಇವರಿಬ್ಬರನ್ನು ನಿಲ್ಲಿಸಿ ನಾಲ್ಕೇ ಪ್ರಶ್ನೆ ಕೇಳೋಣ. ಇವರು ಒಳಗೆ ಹೋಗಬಹುದೇ? ಹೋದರೆ ದಣಿವಾರಿಸಿಕೊಳ್ಳಲು ಕೂಡ್ರಬಹುದೇ? ಕುಡಿಯಲು ನೀರು, ಹೆಣ್ಣುಮಕ್ಕಳಿಗೆ ಮರ್ಯಾದೆಯಿಂದ ಹೋಗಿ ಬರುವಂಥ ಪಾಯಖಾನೆ ಉಂಟೇ? ಕಡೆಯದಾಗಿ, ಇದನ್ನು ಕಟ್ಟುವಾಗ ಯಾರ ಹೊಟ್ಟೆಯ ಮೇಲೆ ಕಾಲಿಟ್ಟರು?

ಮೊದಲು ಎಲ್ಲಕ್ಕಿಂತ ಹೆಚ್ಚು ಡಂಗುರ ಹೊಡೆಸಿಕೊಂಡದ್ದನ್ನೇ ನೋಡೋಣ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರ ಮಾರ್ಚ್ 12ರಂದು ಲೋಕಾರ್ಪಣೆಯಾದ ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರು. ಗೋರಖಪುರದ 1,366 ಮೀಟರನ್ನು ಹಿಂದೆ ಹಾಕಿ ಜಗತ್ತಿನಲ್ಲೇ ಉದ್ದನೆಯದು ಎನಿಸಿತು. ಇದು ಬರಿಯ ಬಡಾಯಿಯಲ್ಲ, ಉಪಯೋಗವೂ ಇದೆ. ಒಂದೇ ಪ್ಲಾಟ್‌ಫಾರ್ಮಿನಲ್ಲಿ ಎರಡು ಪೂರ್ತಿ ಉದ್ದದ ಗಾಡಿಗಳನ್ನು ನಿಲ್ಲಿಸಬಹುದು. ಆದರೆ ಒಂದೂವರೆ ಕಿಲೋಮೀಟರು ಗಂಟು ಹೊತ್ತು ನಡೆಯುವ ಹಮಾಲನಿಗೂ, ಕೂಸನ್ನು ಎತ್ತಿಕೊಂಡ ತಾಯಿಗೂ ಬೇಕಾದದ್ದು ವಿಕ್ರಮವಲ್ಲ. ಎಷ್ಟು ಹೆಜ್ಜೆಗೊಂದು ಬೆಂಚು, ಎಷ್ಟು ಹೆಜ್ಜೆಗೊಂದು ನಳ, ಎಲ್ಲಿಯ ವರೆಗೆ ನೆರಳು ಎಂಬುದು. ಉದ್ದವನ್ನು ಅಳೆದವರು ಇದನ್ನೂ ಅಳೆದು ಹೇಳಲಿ.

ಉದ್ದದ ಮಾತು ಬಂತಲ್ಲ, ಇನ್ನೊಂದು ಉದ್ದನೆಯ ಕಟ್ಟಡದ ಕತೆ ಹೇಳಬೇಕು. ಯುರೋಪಿನ ವಿಯೆನ್ನಾ ನಗರದಲ್ಲಿ ಮೊದಲ ಮಹಾಯುದ್ಧದ ನಂತರ ಸಮಾಜವಾದಿಗಳ ನಗರಸಭೆ ಅಧಿಕಾರಕ್ಕೆ ಬಂದಿತು. ದೊಡ್ಡ ಮನೆಯವರ ಮೇಲೆ ಹೆಚ್ಚು, ಸಣ್ಣ ಮನೆಯವರ ಮೇಲೆ ಕಡಿಮೆ ಬೀಳುವಂತೆ 1923ರಲ್ಲಿ ಮನೆ ತೆರಿಗೆ ಹಾಕಿ, ಆ ದುಡ್ಡಿನಿಂದ 1934ರ ವರೆಗೆ ಕೆಲಸಗಾರರಿಗಾಗಿ 60 ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಟ್ಟಿತು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಕಟ್ಟಡವೊಂದೇ ಒಂದು ಕಿಲೋಮೀಟರಿಗೂ ಉದ್ದ. ಅದರಲ್ಲಿ 1,382 ಮನೆಗಳು. ಜೊತೆಗೆ ಬಟ್ಟೆ ಒಗೆಯುವ ಸಾಮಾನ್ಯ ಶಾಲೆ, ಸ್ನಾನದ ಮನೆ, ಶಿಶುವಿಹಾರ, ವಾಚನಾಲಯ, ನಡುವೆ ಮಕ್ಕಳಿಗೆ ಆಡಲು ವಿಶಾಲವಾದ ಅಂಗಳ. 1934ರ ಫೆಬ್ರುವರಿಯಲ್ಲಿ ಸರ್ವಾಧಿಕಾರಿ ಸರಕಾರ ಅದರ ಮೇಲೆ ತೋಪು ಹಾರಿಸಿತು. ಕಟ್ಟಡ ಉಳಿಯಿತು. ಇಂದಿಗೂ ಜನ ಅದರಲ್ಲಿ ಬಾಳುತ್ತಿದ್ದಾರೆ. ಉದ್ದನೆಯದನ್ನು ಕಟ್ಟುವುದಾದರೆ ಹೀಗೂ ಕಟ್ಟಬಹುದು.

ಎರಡನೆಯದು, ನಮ್ಮ ಚಿಗರಿ ಬಸ್ಸಿನ ಮಾರ್ಗ. 2018ರ ಅಕ್ಟೋಬರದಲ್ಲಿ ಪರೀಕ್ಷೆಗಾಗಿ ಓಡಲು ಸುರುವಾಗಿ, 2020ರ ಫೆಬ್ರುವರಿ 2ರಂದು ವಿಧಿಪೂರ್ವಕ ಉದ್ಘಾಟನೆಯಾಯಿತು. ಹುಬ್ಬಳ್ಳಿಯಿಂದ ಧಾರವಾಡದ ವರೆಗೆ ಸುಮಾರು 22 ಕಿಲೋಮೀಟರು ರಸ್ತೆಯ ನಡುವೆ ಬಸ್ಸಿಗೇ ಮೀಸಲಾದ ಹಾದಿ. ಇದರ ನಿಲ್ದಾಣಗಳಲ್ಲಿ ನಾವು ಮೆಚ್ಚುವ ಗುಣವೊಂದಿದೆ: ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟ. ಮುದುಕಿಯೂ, ಕುಂಟುವವನೂ, ಬುಟ್ಟಿ ಹೊತ್ತವಳೂ ಮೆಟ್ಟಿಲು ಏರದೆ ಒಳಗೆ ಕಾಲಿಡಬಹುದು. ಕಾರಿನವನು ಬದಿಯಲ್ಲಿ ಕಾಯಲಿ, ನೂರು ಜನರ ಬಸ್ಸು ಮುಂದೆ ಹೋಗಲಿ ಎಂಬ ತತ್ವ ಸಮಾಜವಾದಕ್ಕೆ ಹತ್ತಿರವಾದದ್ದೇ.

ಆದರೆ ತಕರಾರೂ ಉಂಟು. ನಿಲ್ದಾಣ ರಸ್ತೆಯ ನಡುವೆ ಇದೆ. ಅಲ್ಲಿಗೆ ಮುಟ್ಟಬೇಕಾದರೆ ಜೀವ ಕೈಯಲ್ಲಿ ಹಿಡಿದು ರಸ್ತೆ ದಾಟಬೇಕು. ದೊಡ್ಡ ಮಳೆಯಾದರೆ ಧಾರವಾಡದ ಟೋಲ್ ನಾಕೆಯ ಹತ್ತಿರ ಈ ಹಾದಿ ಕೆರೆಯಾದದ್ದನ್ನು ಊರೆಲ್ಲ ನೋಡಿದೆ. ಇನ್ನು, 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರಯಾಣ ಕೊಟ್ಟ ಶಕ್ತಿ ಯೋಜನೆ ಸಾದಾ ಬಸ್ಸುಗಳಿಗೆ, ಹವಾನಿಯಂತ್ರಿತ ಬಸ್ಸುಗಳಿಗಲ್ಲ. ಚಿಗರಿ ಹವಾನಿಯಂತ್ರಿತ. ಹೀಗಾಗಿ ಸಮನಾದ ನೆಲ ಚೀಟಿ ಕೊಂಡವಳಿಗೆ, ಪುಕ್ಕಟೆ ಪ್ರಯಾಣ ಮೆಟ್ಟಿಲು ಏರಬಲ್ಲವಳಿಗೆ. ಬುಟ್ಟಿ ಹೊತ್ತ ಬಡವಿಗೆ ಎರಡೂ ಒಟ್ಟಿಗೆ ಸಿಗುವುದಿಲ್ಲ.

ಮೂರನೆಯದು, ಉಣಕಲ್ಲ ಕೆರೆಯಿಂದ ಹೊರಡುವ ನಾಲೆಯ ದಂಡೆ. ವರ್ಷಾನುಗಟ್ಟಲೆ ನಗರದ ಹೊಲಸನ್ನು ಹೊತ್ತು ನಾರುತ್ತಿದ್ದ ನಾಲೆ ಅದು. ಅದರ ದಂಡೆಯಲ್ಲಿ ನಡೆದಾಡಲು, ಸೈಕಲ್ಲು ಹೊಡೆಯಲು ಹಾದಿ ಮಾಡಿದರು. ನಾಲೆಯ ಬದಿಗೆ ಯಾರಿರುತ್ತಾರೆ? ಎತ್ತರದ ಜಾಗ ಕೊಳ್ಳಲಾರದವರೇ ಇರುತ್ತಾರೆ. ಆದ್ದರಿಂದ ನಾಲೆ ಸುಧಾರಿಸಿದರೆ ಅದು ಬಡವರ ಅಂಗಳ ಸುಧಾರಿಸಿದಂತೆ. ಮೇಲೆ ಹಾದಿ ಚೆಂದ ಮಾಡಿ ಕೆಳಗೆ ಹೊಲಸು ಹಾಗೆಯೇ ಹರಿಯಬಿಟ್ಟರೆ ಮಾತ್ರ ಅದು ಹುಣ್ಣಿನ ಮೇಲೆ ರೇಶಿಮೆ ಹೊದಿಸಿದ ಹಾಗೆ. ಈ ಎರಡರಲ್ಲಿ ಯಾವುದು ನಡೆಯುತ್ತಿದೆ ಎಂಬುದನ್ನು ನಾಲೆಯ ಬದಿಯವರೇ ಕಾಯಬೇಕು.

ನಾಲ್ಕನೆಯದು, ಧಾರವಾಡದ ಐ.ಐ.ಟಿ. 2016ರಲ್ಲಿ ವಾಲ್ಮಿಯ ಆವರಣದಲ್ಲಿ ತರಗತಿ ಸುರುಮಾಡಿ, 2023ರ ಮಾರ್ಚಿನಲ್ಲಿ ಸುಮಾರು 470 ಎಕರೆಯ ಸ್ವಂತ ಆವರಣದ ಉದ್ಘಾಟನೆಯಾಯಿತು. ವಿದ್ಯೆಯ ಮನೆಗೆ ಯಾರು ಬೇಡವೆಂದಾರು? ನಾವು ಬಯಸುವುದಿಷ್ಟೇ: ಅದರ ಗೋಡೆ ಊರಿಗೂ ವಿದ್ಯೆಗೂ ನಡುವಿನ ಗೋಡೆಯಾಗದಿರಲಿ. ಗಟಾರದ ನೀರು ಯಾಕೆ ನಿಲ್ಲುತ್ತದೆ, ಬಡವನ ಮನೆ ಕಡಿಮೆ ಖರ್ಚಿನಲ್ಲಿ ಹೇಗೆ ಗಟ್ಟಿಯಾದೀತು ಎಂಬ ಪ್ರಶ್ನೆಗಳೂ ಅಲ್ಲಿಯ ಪಾಠವಾಗಲಿ.

ಈಗ ನಮ್ಮ ಕೋಲಿಗೆ ಹೆಚ್ಚು ಸರಿಹೊಂದಿದ ಕಟ್ಟಡ ಯಾವುದೆಂದು ಹೇಳಿದರೆ ಕೆಲವರು ನಕ್ಕಾರು. ಇಂದಿರಾ ಕ್ಯಾಂಟೀನು! ಯಾವ ಪಕ್ಷ ಕಟ್ಟಿತು, ಯಾರ ಹೆಸರಿಟ್ಟಿತು ಎಂಬುದು ಬೇರೆ ಮಾತು. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಸುರುವಾಗಿ ಆಮೇಲೆ ನಮ್ಮ ಕಡೆಗೂ ಬಂದ ಈ ಕಟ್ಟಡಗಳು ಕಾರಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟಿನ ತುಂಡುಗಳನ್ನು ತಂದು ಜೋಡಿಸಿದವು. ಗಾಜಿನ ಗೋಡೆಯ ಮೆರುಗಿಲ್ಲ. ಆದರೆ ಸುರುವಾದಾಗ ಅಲ್ಲಿ 5 ರೂಪಾಯಿಗೆ ನಾಷ್ಟಾ, 10 ರೂಪಾಯಿಗೆ ಊಟ ಸಿಕ್ಕಿತು. ಬಾಗಿಲಲ್ಲಿ ಯಾರೂ ಜಾತಿ ಕೇಳಲಿಲ್ಲ, ಅಂಗಿಯ ಮೇಲಿನ ಸಿಮೆಂಟು ನೋಡಲಿಲ್ಲ. ಬಿಲ್ಲು ಬಾಕಿಯಾಗಿ ಅಲ್ಲಲ್ಲಿ ಬಾಗಿಲು ಹಾಕಿದ ದಿನಗಳೂ ಇದ್ದವು. ಅದು ಆಡಳಿತದ ಪಾಪ, ಕಟ್ಟಡದ್ದಲ್ಲ. ಗೌಂಡಿ ಒಳಗೆ ಹೋದ, ಉಂಡ, ನೀರು ಕುಡಿದ. ನಮ್ಮ ಮೊದಲ ಬಹುಮಾನ ಅದಕ್ಕೆ. ಎರಡನೆಯದು ಚಿಗರಿಯ ಸಮನಾದ ನೆಲಕ್ಕೆ.

ದೊಡ್ಡ ಕಟ್ಟಡ ಸಣ್ಣ ಮನುಷ್ಯನನ್ನು ಹೇಗೆ ಕಂಡಿತು ಎಂಬುದಕ್ಕೆ ನೆರೆಯ ಬೆಳಗಾವಿಯ ಒಂದು ಸಂಗತಿ ಸಾಕು. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ವರ್ಷಕ್ಕೆ ಕೆಲವೇ ದಿವಸ. 2022ರಲ್ಲಿ ಅಲ್ಲಿಯ ಕೂಲಿ ಹೆಣ್ಣುಮಗಳೊಬ್ಬಳು ಸೌಧದ ಮುಂದೆ ಬಿಸಿಲಿಗೆ ಶಾವಿಗೆ ಒಣಹಾಕಿದಳು. ಅದರ ಚಿತ್ರ ಊರೆಲ್ಲ ಹರಡಿತು. ಅವಳನ್ನು ಕೆಲಸದಿಂದ ತೆಗೆದರು; ಜನ ಛೀಮಾರಿ ಹಾಕಿದ ಮೇಲೆ ತಿರುಗಿ ತೆಗೆದುಕೊಂಡರು. ಪ್ರಜೆಗಳ ದುಡ್ಡಿನಿಂದ ಕಟ್ಟಿದ ಅಂಗಳದಲ್ಲಿ ಪ್ರಜೆಯ ಶಾವಿಗೆಗೆ ಬಿಸಿಲೂ ಇಲ್ಲವೆಂದರೆ ಆ ಅಂಗಳ ಯಾರದು?

ಪಟ್ಟಿಯಲ್ಲಿ ಹೇಳಲೇಬೇಕಾದ ಇನ್ನೊಂದು ಕಟ್ಟಡವಿದೆ. ಅದು ಈಗ ನಿಂತಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ, ಕೆಳಗೆ ಅಂಗಡಿಗಳು ನಡೆದಿರುವಾಗಲೇ ಮೇಲೆ ಕಟ್ಟುತ್ತಿದ್ದ ವಾಣಿಜ್ಯ ಕಟ್ಟಡ ಕುಸಿದು 19 ಜನ ಸತ್ತರು. ದಿನಗಟ್ಟಲೆ ಅವಶೇಷದಡಿಯಿಂದ ಜನರನ್ನು ತೆಗೆಯುವುದನ್ನು ನಾವು ಉಸಿರು ಬಿಗಿಹಿಡಿದು ನೋಡಿದೆವು. ಅಗ್ಗದ ಸಿಮೆಂಟು, ಕಣ್ಣುಮುಚ್ಚಿದ ಪರವಾನಿಗೆ ಎಲ್ಲಿ ಕೂಡುತ್ತವೆಯೋ ಅಲ್ಲಿ ಬಾಡಿಗೆದಾರನೂ ಕೂಲಿಕಾರನೂ ಒಂದೇ ಚಪ್ಪಡಿಯ ಕೆಳಗೆ ಸಾಯುತ್ತಾರೆ. ಚಂದದ ಕಟ್ಟಡ ಆಮೇಲೆ. ಮೊದಲು ಬೀಳದ ಕಟ್ಟಡ ಬೇಕು.

ಇಲ್ಲಿ ಕಟ್ಟಡದ ಕೆಲಸಗಾರರು ತಿಳಿದಿರಬೇಕಾದ ಮಾತೊಂದಿದೆ. 1996ರ ಕಾನೂನಿನಂತೆ 10 ಲಕ್ಷ ರೂಪಾಯಿಗೆ ಮೇಲ್ಪಟ್ಟ ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಷ್ಟು ಸುಂಕ ವಸೂಲಿಯಾಗಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಬರತೊಡಗಿತು. 2025ರ ನವೆಂಬರದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಬಂದವು. ಅವುಗಳಲ್ಲಿಯೂ ಈ ಸುಂಕದ ತತ್ವ ಉಳಿದಿದೆ. ಈ ದುಡ್ಡು ಯಾರ ದಾನವೂ ಅಲ್ಲ; ಗೌಂಡಿಯ ಬೆವರಿನ ಪಾಲು. ವರ್ಷದಲ್ಲಿ 90 ದಿವಸ ಈ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ನೋಂದಣಿಗೆ ಅರ್ಹರು ಎಂಬುದು ಮಂಡಳಿಯ ನಿಯಮ. ಹೆಸರು ಬರೆಸದವನಿಗೆ ಮಂಡಳಿಯ ಅಪಘಾತದ ಪರಿಹಾರವೂ ಇಲ್ಲ, ಪಿಂಚಣಿಯೂ ಇಲ್ಲ. ಮಿಶ್ರಿಕೋಟಿಯ ಗೌಂಡಿ ಹುಬ್ಬಳ್ಳಿಯಲ್ಲಿ ಇಂದು ಈ ಗುತ್ತಿಗೆದಾರನ ಕಡೆಗೆ, ನಾಳೆ ಇನ್ನೊಬ್ಬನ ಕಡೆಗೆ ದುಡಿಯುತ್ತಾನೆ. 90 ದಿನದ ದಾಖಲೆ ಕೊಡುವವರಾರು? ಕೆಲಸದ ಸ್ಥಳದಲ್ಲಿಯೇ ನೋಂದಣಿಯಾಗಬೇಕು.

ಸಣ್ಣ ವ್ಯಾಪಾರಿಗಳಿಗೂ ಒಂದು ಮಾತು. ಈ ದಶಕದಲ್ಲಿ ಹುಬ್ಬಳ್ಳಿಯ ಜನತಾ ಬಜಾರವನ್ನು ಹೊಸದಾಗಿ ಕಟ್ಟಿದರು. ಹಳೆಯ ಪೇಟೆ ಕೆಡವಿ ಹೊಸದನ್ನು ಎಬ್ಬಿಸುವುದು ತಪ್ಪಲ್ಲ. ಆದರೆ ಎಲ್ಲಿ ಕೆಡವಿದರೂ ಹಳೆಯ ಕಟ್ಟೆಯ ಮೇಲೆ ಕುಳಿತವನಿಗೆ ಹೊಸ ಮಳಿಗೆಯಲ್ಲಿ ಮೊದಲ ಹಕ್ಕು, ತಾಳಿಕೊಳ್ಳುವಂಥ ಬಾಡಿಗೆ ಇರಬೇಕು. ಲಿಲಾವು ದೊಡ್ಡ ಥೈಲಿಯವನ ಆಟ. 2014ರ ಬೀದಿ ವ್ಯಾಪಾರಿಗಳ ಕಾನೂನು ನಿಮ್ಮ ಕೈಯಲ್ಲಿದೆ. ಸಮೀಕ್ಷೆ ಮುಗಿಯದೆ ಯಾರನ್ನೂ ಎಬ್ಬಿಸಬಾರದು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಲಾಠಿ ಬಂದಾಗ ಓಡುವ ಬದಲು ಈ ಕಾನೂನು ಓದಿ ಹೇಳುವವರು ಪ್ರತಿಯೊಂದು ಓಣಿಯಲ್ಲಿಯೂ ಬೇಕು.

ಕೊನೆಗೆ ಮೂಲ ಪ್ರಶ್ನೆ: ಏನು ಕಟ್ಟಬೇಕೆಂದು ಗೊತ್ತು ಮಾಡಿದವರಾರು? ಸ್ಮಾರ್ಟ್ ಸಿಟಿಯ ಹಣವನ್ನು ಖರ್ಚು ಮಾಡಿದ್ದು ಒಂದು ಕಂಪನಿಯ ಮೂಲಕ. 2019ರಲ್ಲಿ ಅವಧಿ ಮುಗಿದ ಮಹಾನಗರ ಪಾಲಿಕೆಗೆ 2021ರ ಸೆಪ್ಟೆಂಬರದ ವರೆಗೆ ಚುನಾವಣೆಯೇ ಆಗಲಿಲ್ಲ. ಕೆಲಸ ಭರದಿಂದ ನಡೆದ ವರ್ಷಗಳಲ್ಲಿ ಓಣಿಯ ಜನರ ಪರವಾಗಿ ಎದ್ದುನಿಂತು ಲೆಕ್ಕ ಕೇಳುವ ನಗರಸೇವಕನೇ ಇರಲಿಲ್ಲ. ಮನೆಯ ಯಜಮಾನನನ್ನು ಹೊರಗೆ ನಿಲ್ಲಿಸಿ ಮನೆ ಕಟ್ಟಿದ ಹಾಗಾಯಿತು.

ಇನ್ನು ಮಿಶ್ರಿಕೋಟಿ? ಯೋಜನೆ ನಗರದ ಗಡಿಯೊಳಗಿನದು. ಹಳ್ಳಿಗೆ ಅದರಿಂದ ಒಂದು ಇಟ್ಟಂಗಿಯೂ ಬರಲಿಲ್ಲ. ಹಳ್ಳಿಯಿಂದ ನಗರಕ್ಕೆ ಹತ್ತಿ ಹೋಯಿತು, ಕಾಳು ಹೋಯಿತು, ಹಾಲು ಹೋಯಿತು, ತೋಳಿನ ಬಲವೂ ಹೋಯಿತು. ತಿರುಗಿ ಬಂದದ್ದು ರಾತ್ರಿಯ ಬಸ್ಸಿನಲ್ಲಿ ದಣಿದ ಮೈ. ಮುಂದಿನ ದಶಕದ ಪಟ್ಟಿಯಲ್ಲಿ ದುಡಿಯುವವರನ್ನು ಕಳಿಸುವ ಊರುಗಳಿಗೂ ಪಾಲು ಬೇಕೆಂದು ನಾವು ಕೇಳುತ್ತೇವೆ. ಅಲ್ಲಿ ಬೇಕಾದದ್ದು ಗಾಜಿನ ಸೌಧವಲ್ಲ. ಮಳೆ-ಬಿಸಿಲು ತಡೆಯುವ ಬಸ್ಸಿನ ತಂಗುದಾಣ, ಅದರ ಮಗ್ಗುಲಿಗೆ ನಳ ಮತ್ತು ಪಾಯಖಾನೆ. ಮೇಲೆ ಚಪ್ಪರವಿರುವ ಸಂತೆ ಕಟ್ಟೆ. ಸಂಜೆ ದೀಪ ಹತ್ತಿಸಿ ಪತ್ರಿಕೆ ಓದಲು ಒಂದು ವಾಚನಾಲಯ. ಯಾವುದು ಮೊದಲು ಎಂಬುದನ್ನು ಗ್ರಾಮಸಭೆ ಗೊತ್ತು ಮಾಡಲಿ. ನಗರದಲ್ಲಿಯೂ ಪ್ರತಿಯೊಂದು ಸಾರ್ವಜನಿಕ ಕಟ್ಟಡದ ಹೊರಬಾಗಿಲ ಹತ್ತಿರ, ಯಾರನ್ನೂ ಕೇಳದೆ ಬಳಸುವಂಥ ಬೆಂಚು, ನೀರು, ಪಾಯಖಾನೆ ಇರಲೇಬೇಕೆಂದು ಪಾಲಿಕೆ ನಿಯಮ ಮಾಡಲಿ. ಉದ್ಘಾಟನೆಯ ಕಲ್ಲಿನ ಮೇಲೆ ಮಂತ್ರಿಯ ಹೆಸರಿನ ಕೆಳಗೆ, ಎಷ್ಟು ಜನ ಎಷ್ಟು ದಿನ ದುಡಿದರು, ಯಾರಾದರೂ ಜೀವ ತೆತ್ತರೇ ಎಂಬುದನ್ನೂ ಕೆತ್ತಲಿ.

ಬಾಂಧವರೇ, ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಹೊಸ ಕಟ್ಟಡದ ಮುಂದೆ ಬರಿದೆ ಬೆರಗಾಗಿ ನಿಲ್ಲಬೇಡಿರಿ. ಒಳಗೆ ಹೋಗಿರಿ. ನೀರು ಕೇಳಿರಿ. ಕೂಡ್ರಲು ಜಾಗ ಕೇಳಿರಿ. ಕೊಟ್ಟರೆ ಅದು ನಿಮ್ಮ ಕಟ್ಟಡ. ಕೊಡದಿದ್ದರೆ, ಯಾಕೆ ಕೊಡಲಿಲ್ಲವೆಂದು ಹತ್ತು ಜನ ಕೂಡಿ ಕೇಳಿರಿ.