ಡೆಂಟು ಬಿದ್ದ ಕಾರಿಗೆ 26 ಕೋಟಿ!



ಹೋದ ವಾರ ನಮ್ಮ ಬೀದಿಯ ಟೀ ಅಂಗಡಿಯಲ್ಲಿ ದೊಡ್ಡ ಜಗಳ. ಹಳೇ ಕಾರುಗಳು ಹರಾಜಿನಲ್ಲಿ ಕೋಟಿಗಟ್ಟಲೆಗೆ ಹೋಗೋದರ ಬಗ್ಗೆ. “ಅಷ್ಟು ದುಡ್ಡು ಸುರಿಯೋನಿಗೆ ತಲೆ ಕೆಟ್ಟಿದೆ” ಅಂತ ಒಬ್ಬ. “ಹೀರೋ ಕೂತ ಸೀಟು ಕಣೋ, ಅಷ್ಟಾದ್ರೂ ಬೇಡ್ವಾ” ಅಂತ ಇನ್ನೊಬ್ಬ. ಇಬ್ಬರದೂ ಅರ್ಧ ಸರಿ, ಅರ್ಧ ತಪ್ಪು. ಆ ಜಗಳ ಬಿಡಿಸೋಕೇ ಈ ವಾರದ ಅಂಕಣ. ಕೊನೆಯಲ್ಲಿ ನಾನೇ ಮಣ್ಣು ಮುಕ್ಕಿದ ಕಥೆಯೂ ಇದೆ. ನಗೋರು ನಗಬಹುದು.

ಮೊದಲು ಸಿನಿಮಾ. 1968ರ ‘ಬುಲಿಟ್’. ನಿರ್ದೇಶಕ ಪೀಟರ್ ಯೇಟ್ಸ್, ನಾಯಕ ಸ್ಟೀವ್ ಮೆಕ್ವೀನ್. ಸ್ಯಾನ್ ಫ್ರಾನ್ಸಿಸ್ಕೋದ ಏರು-ಇಳಿಜಾರು ರಸ್ತೆಗಳಲ್ಲಿ ಹಸಿರು ಫೋರ್ಡ್ ಮಸ್ಟಾಂಗ್, ಕಪ್ಪು ಡಾಡ್ಜ್ ಚಾರ್ಜರ್, ಹತ್ತು ನಿಮಿಷದ ಬೆನ್ನಟ್ಟುವಿಕೆ! ದಿಬ್ಬದ ತುದಿಯಿಂದ ಕಾರು ಗಾಳಿಗೆ ಹಾರಿ ದಬ್ ಅಂತ ನೆಲಕ್ಕೆ ಬಿದ್ದಾಗ, ಕುರ್ಚಿಯಲ್ಲಿ ಕೂತ ನಮ್ಮ ಸೊಂಟವೇ ನೋಯುತ್ತೆ. ಇವತ್ತಿಗೂ ಕಾರ್ ಚೇಸ್ ಅಂದರೆ ಜನ ಮೊದಲು ಹೇಳೋ ಹೆಸರುಗಳಲ್ಲಿ ಅದೂ ಒಂದು.

ಚಿತ್ರೀಕರಣಕ್ಕೆ ಬಳಸಿದ್ದು ಎರಡು ಮಸ್ಟಾಂಗ್. ಹಾರಿ ಬಿದ್ದು ಹಣ್ಣಾದದ್ದು ಒಂದು. ಅದು ಗುಜರಿ ಪಾಲಾಯಿತು ಅಂತಲೇ ಎಲ್ಲರೂ ನಂಬಿದ್ದರು. ಎಷ್ಟೋ ದಶಕ ಕಳೆದ ಮೇಲೆ ಮೆಕ್ಸಿಕೋದಲ್ಲಿ ತುಕ್ಕು ಹಿಡಿದ ಬರೀ ಬಾಡಿ ಸಿಕ್ಕಿತು. ಚಾಸಿ ನಂಬರ್ ನೋಡಿದಾಗಲೇ ಗೊತ್ತಾಗಿದ್ದು, ಅದೇ ಇದು ಅಂತ! ಇನ್ನೊಂದು, ಮೆಕ್ವೀನ್ ಕೂತು ಓಡಿಸಿದ ಕಾರು. ಸಿನಿಮಾ ಮುಗಿದ ಮೇಲೆ ಅದು ಸ್ಟುಡಿಯೋದ ಒಬ್ಬ ನೌಕರನ ಕೈಗೆ ಹೋಯಿತು. ಅವನಿಂದ ಒಬ್ಬ ಪೊಲೀಸಿನವನಿಗೆ. 1974ರಲ್ಲಿ ಆ ಪೊಲೀಸಿನವನು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. 6 ಸಾವಿರ ಡಾಲರ್ ಕೊಟ್ಟು ಕೊಂಡದ್ದು ಒಂದು ಸಾಧಾರಣ ಕುಟುಂಬ. ಆ ಮನೆಯಾಕೆ ಶಾಲೆಯ ಮೇಡಂ. ಜಗತ್ತೇ ಬಾಯಿ ಬಿಟ್ಟು ನೋಡಿದ ಕಾರಿನಲ್ಲಿ ಆಕೆ ದಿನಾ ಮಕ್ಕಳಿಗೆ ಪಾಠ ಹೇಳೋಕೆ ಹೋಗಿ ಬರುತ್ತಿದ್ದರು!

ಈಗ ಕೇಳಿ ನಿಜವಾದ ಸೀನು. 1977ರಲ್ಲಿ ಸ್ವತಃ ಮೆಕ್ವೀನ್ ಆ ಮನೆಗೆ ಕಾಗದ ಬರೆದ. ಕಾರು ವಾಪಸ್ ಕೊಡಿ, ಕೊಂಡುಕೊಳ್ಳುತ್ತೇನೆ ಅಂತ. ನಮ್ಮ ನಿಮ್ಮ ಮನೆಗೆ ಅಂಥ ಸ್ಟಾರ್ ಕಾಗದ ಬರೆದಿದ್ದರೆ ಕಾರಿನ ಜೊತೆ ಮನೆಯನ್ನೂ ಬರೆದುಕೊಡುತ್ತಿದ್ದೆವು. ಆ ಯಜಮಾನ ಮಾತ್ರ ಕೊಡಲಿಲ್ಲ. 1980ರಲ್ಲಿ ಕ್ಲಚ್ ಕೈಕೊಟ್ಟಿತು, ಕಾರು ಮೂಲೆ ಸೇರಿತು. ಅದೇ ವರ್ಷ ಮೆಕ್ವೀನ್ ತೀರಿಕೊಂಡ. ಮನೆಯವರು ಕಾರನ್ನೂ ಇಟ್ಟುಕೊಂಡರು, ಕಾಗದವನ್ನೂ ಇಟ್ಟುಕೊಂಡರು.

ಕಾರು ಮತ್ತೆ ಲೋಕದ ಕಣ್ಣಿಗೆ ಬಿದ್ದದ್ದು 2018ರಲ್ಲಿ, ಚಿತ್ರಕ್ಕೆ 50 ತುಂಬಿದಾಗ. 2020ರ ಜನವರಿ 10ರಂದು ಫ್ಲೋರಿಡಾದ ಕಿಸಿಮಿಯಲ್ಲಿ ಹರಾಜು. ಸುತ್ತಿಗೆ ಬಿದ್ದದ್ದು 34 ಲಕ್ಷ ಡಾಲರಿಗೆ. ಹರಾಜು ಕಂಪನಿಯ ಕಮಿಷನ್ನೂ ಸೇರಿ 37 ಲಕ್ಷ 40 ಸಾವಿರ. ಆಗಿನ ಲೆಕ್ಕಕ್ಕೆ ನಮ್ಮ ದುಡ್ಡಿನಲ್ಲಿ ಸುಮಾರು 26 ಕೋಟಿ ರೂಪಾಯಿ!

ಕಾರು ಫಳಫಳ ಹೊಳೆಯುತ್ತಿತ್ತು ಅಂದುಕೊಂಡಿರಾ? ಇಲ್ಲ. ಬಣ್ಣ ಮಾಸಿತ್ತು. ಡೆಂಟು, ತುಕ್ಕು ಎಲ್ಲ ಹಾಗೇ ಇದ್ದವು. ಕ್ಯಾಮೆರಾ ಕಟ್ಟೋಕೆ ಅಂತ ಸಿನಿಮಾದವರು ಕೆಳಗೆ ವೆಲ್ಡ್ ಮಾಡಿದ್ದ ಕಬ್ಬಿಣದ ತುಂಡುಗಳೂ ಅಲ್ಲೇ ಇದ್ದವು. 26 ಕೋಟಿ ಬಂದದ್ದು ಅವಕ್ಕೇ ಸ್ವಾಮಿ! 1968ರ ಮಾದರಿಯ ಮಸ್ಟಾಂಗನ್ನು ಫೋರ್ಡ್ ಕಂಪನಿ ತಯಾರಿಸಿದ್ದು 3 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಒಂದಕ್ಕೆ ಹಸಿರು ಬಣ್ಣ ಬಳಿದು ಇದೇ ಆ ಕಾರು ಅಂತ ಯಾರು ಬೇಕಾದರೂ ಹೇಳಬಹುದು. ಆದರೆ ಆ ವೆಲ್ಡಿಂಗು, ಆ ಚಾಸಿ ನಂಬರು, ಸತ್ತು ಹೋದ ನಟನ ಸಹಿ ಇರೋ ಆ ಕಾಗದ, ಅದನ್ನೆಲ್ಲ ಎಲ್ಲಿಂದ ತರ್ತೀರಿ?

“ಮಸ್ಟಾಂಗು ಸಿನಿಮಾದಿಂದ ದೊಡ್ಡದಾಯ್ತು, ಸರಿ. ಕಂಪನಿಯೇ ಲೆಕ್ಕ ಹಾಕಿ ಕೆಲವೇ ಕೆಲವು ಮಾಡೋ ರೇಸಿನ ಕಾರುಗಳ ಕಥೆ ಏನು?” ಅಂತ ಕೇಳಬಹುದು. ಅದಕ್ಕೂ ಬರ್ತೀನಿ.

‘ಫಾಸ್ಟ್ ಅಂಡ್ ಫ್ಯೂರಿಯಸ್’ ಪಾಲ್ ವಾಕರ್ ನಿಮಗೆಲ್ಲ ಗೊತ್ತು. 2013ರಲ್ಲಿ ಹೋದ. ಅವನ ಸಂಗ್ರಹದ 21 ಗಾಡಿಗಳು ಅದೇ 2020ರ ಜನವರಿಯಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಹರಾಜಾದವು. ಅದರಲ್ಲಿ ಐದು ಒಂದೇ ಜಾತಿ: 1995ರ ಬಿಎಂಡಬ್ಲ್ಯೂ ಎಂ3 ಲೈಟ್‌ವೇಟ್. ತೂಕ ಇಳಿಸೋಕೆ ಅಂತ ಕಂಪನಿಯವರು ಬಾಗಿಲು ಅಲ್ಯೂಮಿನಿಯಂದು ಮಾಡಿ, ಎಸಿ, ರೇಡಿಯೋ ಕಿತ್ತು ಹಾಕಿದ್ದ ಕಾರು. ಸೌಕರ್ಯ ಕಡಿಮೆ, ಬೆಲೆ ಜಾಸ್ತಿ! ಒಂದೇ ಮಾದರಿ, ಒಂದೇ ಬಿಳಿ ಬಣ್ಣ, ಒಬ್ಬನೇ ಹೀರೋ. ಆದರೂ ಐದರಲ್ಲಿ ಒಂದು 3 ಲಕ್ಷ 85 ಸಾವಿರ ಡಾಲರಿಗೆ ಹೋಯಿತು, ಉಳಿದ ನಾಲ್ಕು ಅದರ ಹತ್ತಿರಕ್ಕೂ ಬರಲಿಲ್ಲ. ಹೀರೋ ಕೂತ ಸೀಟು ಅಂತ ವಾದ ಮಾಡಿದ ಗೆಳೆಯನಿಗೆ ಇದು ನನ್ನ ಉತ್ತರ. ಹೀರೋ ಹೆಸರು ಬೆಲೆ ಏರಿಸುತ್ತೆ, ಒಪ್ಪಿದೆ. ಆದರೆ ಎಷ್ಟು ಮೈಲಿ ಓಡಿದೆ, ಎಷ್ಟು ಕೈ ಬದಲಾಗಿದೆ, ಏನು ಕಿತ್ತಿದ್ದಾರೆ, ಏನು ಉಳಿದಿದೆ, ಇದನ್ನೆಲ್ಲ ಬಂದವರು ಭೂತಗನ್ನಡಿ ಹಿಡಿದು ನೋಡ್ತಾರೆ.

ಇನ್ನು ಈ ಜಾತಿಯ ಕಾರುಗಳ ರಾಜ, ಫೆರಾರಿ 250 ಜಿಟಿಒ. 1962ರಿಂದ 1964ರವರೆಗೆ ಮಾಡಿದ್ದು ಬರೀ 36. ಅಂದ ಹೆಚ್ಚಿಸೋಕೆ ಮಾಡಿದ್ದಲ್ಲ, ರೇಸು ಗೆಲ್ಲೋಕೆ ಮಾಡಿದ್ದು. ಗೆದ್ದವು ಕೂಡ. 2018ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಒಂದು 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಅದಕ್ಕೂ ದೊಡ್ಡಪ್ಪ, 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಊಲೆನ್‌ಹೌಟ್ ಕೂಪೆ. ಲೋಕದಲ್ಲಿ ಇರೋದೇ ಎರಡು. ಆ ವರ್ಷ ಫ್ರಾನ್ಸಿನ ಲ ಮಾನ್ ರೇಸಿನಲ್ಲಿ ಮರ್ಸಿಡಿಸ್ ಕಾರೊಂದು ಪ್ರೇಕ್ಷಕರ ಮೇಲೆ ಚೂರುಚೂರಾಗಿ ಹಾರಿ 80ಕ್ಕೂ ಹೆಚ್ಚು ಜನ ಸತ್ತರು. ವರ್ಷದ ಕೊನೆಗೆ ಕಂಪನಿ ರೇಸಿನಿಂದಲೇ ಹಿಂದೆ ಸರಿಯಿತು. ಈ ಕೂಪೆ ಒಂದು ರೇಸನ್ನೂ ಓಡದೆ, ಅದನ್ನು ಕಟ್ಟಿದ ಎಂಜಿನಿಯರನ ಓಡಾಟದ ಗಾಡಿಯಾಯಿತು. 2022ರ ಮೇ ತಿಂಗಳಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎರಡರಲ್ಲಿ ಒಂದನ್ನು ಮಾರಿದರು. 13 ಕೋಟಿ 50 ಲಕ್ಷ ಯೂರೋ! ನಮ್ಮ ಸಾವಿರ ಕೋಟಿ ರೂಪಾಯಿಗೂ ಮೇಲೆ. ಆವರೆಗಿನ ದಾಖಲೆಯೆಲ್ಲ ಪುಡಿ. ಆ ದುಡ್ಡು ಬಡ ವಿದ್ಯಾರ್ಥಿಗಳ ವಿದ್ಯಾರ್ಥಿವೇತನದ ನಿಧಿಗೆ ಹೋಯಿತು ಅನ್ನೋದು ಸಮಾಧಾನ.

ಹಾಗಂತ ಕಡಿಮೆ ಮಾಡಿದ್ದೆಲ್ಲ ಚಿನ್ನ ಆಗೋದಿಲ್ಲ. ಬಾಗಿಲಿಗೆ ಎರಡು ಪಟ್ಟೆ ಎಳೆದು, ಡ್ಯಾಶ್‌ಬೋರ್ಡಿಗೆ ‘ನೂರರಲ್ಲಿ ಒಂದು’ ಅಂತ ತಗಡು ಹೊಡೆದರೆ ಆಯ್ತಾ? ಅದು ಥಿಯೇಟರಿಗೆ ಬಾಡಿಗೆ ಕಟ್ಟಿ ನೂರು ದಿನ ಓಡಿಸಿದ ಚಿತ್ರದ ಹಾಗೆ. ಪೋಸ್ಟರು ಇರುತ್ತೆ, ಜನ ಇರೋಲ್ಲ. ಹರಾಜಿನಲ್ಲಿ ಬೆಲೆ ಕಟ್ಟೋನು ಗೆದ್ದವನಲ್ಲ, ಕೊನೇವರೆಗೂ ಬಿಡದೆ ಕೂಗಿ ಸೋತವನು. ಬೇಕೇ ಬೇಕು ಅನ್ನೋರು ಇಬ್ಬರಾದರೂ ಇರಬೇಕು. ಹಾಗೆ ಹಟಕ್ಕೆ ಬೀಳಬೇಕಾದರೆ ಗಾಡಿ ಅಪರೂಪದ್ದಾಗಿರಬೇಕು, ಅದಕ್ಕೊಂದು ಕಥೆ ಇರಬೇಕು, ಆ ಕಥೆಗೆ ಗಾಡಿಯ ಮೈಯೇ ಸಾಕ್ಷಿ ಹೇಳಬೇಕು. ಅದಕ್ಕೇ ಮೊದಲು ನೋಡೋದು ನಂಬರು. ಕಾರ್ಖಾನೆಯಿಂದ ಬಂದಾಗ ಇದ್ದ ಎಂಜಿನ್ನೇ ಇವತ್ತೂ ಆ ಚಾಸಿಯ ಮೇಲೆ ಕೂತಿದೆಯಾ?

ಈಗ ನನ್ನ ಕಥೆ. ನಮ್ಮಪ್ಪನ ಹತ್ತಿರ ಒಂದು ಯೆಜ್ಡಿ ರೋಡ್‌ಕಿಂಗ್ ಇತ್ತು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಮಾಲು. ಆ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ನಾನು ಪಿಯುಸಿ ಬಿಟ್ಟು ಮನೆಯಲ್ಲಿ ಬಿದ್ದಿದ್ದ ದಿನಗಳು. ಹೀರೋ ಥರ ಮೆರೀಬೇಕು ಅಂತ ಗ್ಯಾರೇಜಿಗೆ ಒಯ್ದೆ. ಟ್ಯಾಂಕಿಗೆ ಕೆಂಪು ಬಣ್ಣ ಹೊಡೆಸಿದೆ. ಹಳೇ ಸೈಲೆನ್ಸರು ಗುಜರಿಗೆ ಹೋಯ್ತು. ಎಂಜಿನ್ನು ಜಾಮ್ ಆಗಿತ್ತು. ಮೆಕ್ಯಾನಿಕ್ಕು ಬೇರೆ ಗಾಡಿದು ಕೂರಿಸಿಕೊಟ್ಟ, ನಾನೂ ತಲೆ ಆಡಿಸಿದೆ.

ಎರಡು ವರ್ಷದ ಹಿಂದೆ ಮನೆಗೆ ದುಡ್ಡಿನ ಮುಗ್ಗಟ್ಟು ಬಂತು. ಹಳೇ ಬೈಕು ಕೂಡಿಡೋ ಒಬ್ಬರು ನೋಡೋಕೆ ಬಂದರು. ಆರ್‌ಸಿ ಬುಕ್ ಕೇಳಿದರು. ಬಗ್ಗಿ ಎಂಜಿನ್ ನಂಬರ್ ಓದಿದರು. ಎದ್ದು ಕೈ ಒರೆಸಿಕೊಂಡು, “ಹಾಗೇ ಬಿಟ್ಟಿದ್ದರೆ ನೀವು ಹೇಳಿದ ರೇಟೇ ಕೊಡ್ತಿದ್ದೆ ತಮ್ಮಾ” ಅಂದರು. ಕೊಟ್ಟದ್ದು ಅದರ ಮೂರನೇ ಒಂದು ಪಾಲು.

ಅಪ್ಪ ಬಾಗಿಲಲ್ಲಿ ನಿಂತು ನೋಡ್ತಿದ್ದರು. ಬೈಯಲಿಲ್ಲ. ಆಮೇಲೆ ಒಂದೇ ಮಾತು ಕೇಳಿದರು: “ಟ್ಯಾಂಕಿನ ಮೇಲೆ ಒಂದು ಗೀರು ಇತ್ತಲ್ಲ, ಅದನ್ನೂ ಅಳಿಸಿಬಿಟ್ಟಿದ್ಯಾ?” ನಾನು ಹುಟ್ಟಿದ ರಾತ್ರಿ ಆಸ್ಪತ್ರೆಗೆ ಓಡುವಾಗ ಗೇಟಿಗೆ ತಾಗಿ ಬಿದ್ದ ಗೀರಂತೆ ಅದು. ಅವತ್ತಿನವರೆಗೂ ನನಗೆ ಗೊತ್ತೇ ಇರಲಿಲ್ಲ.

ನಮ್ಮ ಮನೆಯ ಗಾಡಿಗೆ 26 ಕೋಟಿ ಯಾರೂ ಕೊಡೋಲ್ಲ ಬಿಡಿ. ಆದರೂ ನಿಮ್ಮ ಮನೆ ಹಿತ್ತಲಲ್ಲಿ ತಾತನದೋ ಅಪ್ಪನದೋ ಹಳೇ ಗಾಡಿ ನಿಂತಿದ್ದರೆ, ಗ್ಯಾರೇಜಿಗೆ ತಳ್ಳೋ ಮುಂಚೆ ಹತ್ತು ನಿಮಿಷ ಹಿರಿಯರ ಹತ್ತಿರ ಕೂತು ಅದರ ಕಥೆ ಕೇಳಿ. ಆರ್‌ಸಿ ಬುಕ್ ಹುಡುಕಿ ಜೋಪಾನವಾಗಿಡಿ. ಬಣ್ಣ ಆಮೇಲೆ ನೋಡೋಣ.

ಮುಂದಿನ ವಾರ ಸಿಗ್ತೀನಿ.